ತೂಕಡಿಕೆಗೂ ಒಂದು ತೂಕ: ವಯಸ್ಕರ ನಿದ್ರಾಲುತನವನ್ನು ಅಳೆಯುವ ಬಗೆ

ಈ ಪುಟಗಳಲ್ಲಿ ಸಾಮಾನ್ಯವಾಗಿ ತೆರಿಗೆ, ಲೆಕ್ಕಪತ್ರ, ಬ್ಯಾಂಕ್ ಸಾಲ ಮೊದಲಾದ ವಿಚಾರಗಳನ್ನು ಪ್ರಸ್ತಾಪಿಸುವುದು ವಾಡಿಕೆ. ಈ ತಿಂಗಳು ಯಾವ ಲೆಕ್ಕದ ಪುಸ್ತಕದಲ್ಲಿಯೂ ತನ್ನ ಹೆಸರಿನಿಂದ ಕಾಣಿಸಿಕೊಳ್ಳದ, ಆದರೆ ಬಂಡವಾಳಕ್ಕೂ ಜೀವಕ್ಕೂ ಸಮನಾಗಿ ನಷ್ಟ ತರಬಲ್ಲ ಒಂದು ಬಾಬ್ತನ್ನು ಸದಸ್ಯರ ಗಮನಕ್ಕೆ ತರಬಯಸುತ್ತೇನೆ. ಅದು ನಿದ್ರಾಲುತನ, ಅಂದರೆ ಎಚ್ಚರವಿರಬೇಕಾದ ಹೊತ್ತಿನಲ್ಲಿ ನಿದ್ರೆಗೆ ಜಾರುವ ಪ್ರವೃತ್ತಿ. ನಾನು ವೈದ್ಯನಲ್ಲ. ಆದರೆ ಅಳತೆ, ದಾಖಲೆ ಮತ್ತು ತಾಳೆ ನೋಡುವಿಕೆ ನನ್ನ ವೃತ್ತಿಯೇ ಆದುದರಿಂದ, ಈ ವಿಷಯವನ್ನು ಆ ದೃಷ್ಟಿಯಿಂದ ಅರಿಯಲು ಯತ್ನಿಸಿದ್ದೇನೆ.

ಇದಕ್ಕೆ ಪ್ರೇರಣೆಯಾದದ್ದು ದಂಡಿನಶಿವರ ಹೋಬಳಿಯ ನನ್ನ ಕಕ್ಷಿದಾರರೊಬ್ಬರ ಖಾತೆಯಲ್ಲಿ ಕಂಡ ಒಂದು ನಮೂದು. ಅವರು ತೆಂಗಿನಕಾಯಿ ಮತ್ತು ಕೊಬ್ಬರಿಯ ವ್ಯಾಪಾರಿಗಳು. ವರ್ಷದ ಲೆಕ್ಕ ನೋಡುವಾಗ 'ವಾಹನ ದುರಸ್ತಿ' ಎಂಬ ತಲೆಬರಹದಡಿ ಹಿಂದಿನ ವರ್ಷಕ್ಕಿಂತ ಅನೇಕ ಪಟ್ಟು ಮೊತ್ತ ಕಂಡಿತು. ವಿಚಾರಿಸಿದಾಗ ತಿಳಿದದ್ದಿಷ್ಟು. ಅವರ ಲಾರಿಯ ಚಾಲಕ ಒಂದು ದಿನ ಬೆಳಗಿನ ಐದಕ್ಕೆ ಎದ್ದು, ತೋಟಗಳಲ್ಲಿ ಕಾಯಿ ತುಂಬಿಸಿ, ಸಂಜೆ ಹೊರಟು ಬೆಂಗಳೂರಿನಲ್ಲಿ ಸರಕು ಇಳಿಸಿ, ಖಾಲಿ ಗಾಡಿಯೊಡನೆ ಹಿಂದಿರುಗುತ್ತಿದ್ದ. ಊರು ಇನ್ನು ಕೆಲವೇ ಮೈಲಿಯಿರುವಾಗ, ನಸುಕಿನ ಮೂರೂವರೆಯ ಸುಮಾರಿಗೆ, ಲಾರಿ ರಸ್ತೆ ಬಿಟ್ಟು ತೆಂಗಿನ ಮರಕ್ಕೆ ಬಡಿಯಿತು. ಚಾಲಕನ ಕಾಲು ಮುರಿಯಿತು. ಅವನು ಕುಡಿದಿರಲಿಲ್ಲ, ಎದುರಿಗೆ ಬೇರೆ ವಾಹನವೂ ಇರಲಿಲ್ಲ. "ನಾನು ಕಣ್ಣು ಮುಚ್ಚಲಿಲ್ಲ ಸ್ವಾಮಿ, ರಸ್ತೇನೇ ಎಲ್ಲೋ ಹೋಯ್ತು" ಎಂದಷ್ಟೇ ಅವನು ಹೇಳಬಲ್ಲವನಾಗಿದ್ದ. ಲೆಕ್ಕ ಹಾಕಿದರೆ ಆ ಹೊತ್ತಿಗೆ ಅವನು ಎಚ್ಚರವಾಗಿದ್ದು ಇಪ್ಪತ್ತೆರಡೂವರೆ ಗಂಟೆಗಳಾಗಿದ್ದವು. ದುರಸ್ತಿಯ ಮೊತ್ತ ಪುಸ್ತಕಕ್ಕೆ ಏರಿತು, ಕಾರಣ ಏರಲಿಲ್ಲ.

ಆಯಾಸ ಬೇರೆ, ತೂಕಡಿಕೆ ಬೇರೆ

ಮೊದಲು ಎರಡು ಬಾಬ್ತುಗಳನ್ನು ಪ್ರತ್ಯೇಕಿಸಬೇಕು. ಆಯಾಸಗೊಂಡವನು ಒರಗಿ ಕುಳಿತು ವಿಶ್ರಮಿಸಬಯಸುತ್ತಾನೆ. ಆದರೆ ಅವನಿಗೆ ನಿದ್ರೆ ಬರಲೇಬೇಕೆಂದಿಲ್ಲ. ನಿದ್ರಾಲುವಾದವನು ಕುಳಿತಲ್ಲಿಯೇ, ಮಾತಿನ ನಡುವೆಯೇ, ಕೆಲವೊಮ್ಮೆ ಚಕ್ರ ಹಿಡಿದೇ ಜೊಂಪಿಗೆ ಜಾರುತ್ತಾನೆ. ರಕ್ತಹೀನತೆ ಇರುವವರು 'ಸುಸ್ತು' ಎನ್ನುವುದು ಬಹುಮಟ್ಟಿಗೆ ಆಯಾಸವೇ. ಎಲ್ಲವನ್ನೂ 'ಸುಸ್ತು' ಎಂಬ ಒಂದೇ ಖಾತೆಗೆ ಬರೆದರೆ, ನಿಜವಾದ ನಷ್ಟ ಯಾವ ಬಾಗಿಲಿನಿಂದ ಹೊರಹೋಗುತ್ತಿದೆಯೆಂಬುದು ತಿಳಿಯುವುದಿಲ್ಲ.

ಜೊಂಪಿನ ಅಪಾಯವನ್ನು ಸರಳ ಗುಣಾಕಾರದಿಂದ ಅರಿಯಬಹುದು. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಕ್ರಮಿಸುತ್ತದೆ. ನಾಲ್ಕು ಸೆಕೆಂಡಿನ ಜೊಂಪಿಗೆ 67 ಮೀಟರ್. ಮೂವತ್ತು ಅಡಿ ಅಂತರದಲ್ಲಿ ನೆಟ್ಟ ತೋಟದ ಸಾಲಿನಲ್ಲಿ ಇದು ಮೊದಲ ಮರದಿಂದ ಎಂಟನೆಯ ಮರದವರೆಗಿನ ದೂರ. ಅಷ್ಟು ದೂರ ಲಾರಿಗೆ ಚಾಲಕನೇ ಇರುವುದಿಲ್ಲ.

ಸ್ವಯಂ ಹೇಳಿಕೆಯ ಅಳತೆಗಳು

ನಿದ್ರಾಲುತನವನ್ನು ಅಂಕಿಗಳಲ್ಲಿ ಹೇಳುವ ಪ್ರಯತ್ನ ಹೊಸದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 1973ರಲ್ಲಿ ಪ್ರಕಟವಾದ ಮಾಪಕವು 1ರಿಂದ 7ರವರೆಗಿನ ಹಂತಗಳನ್ನು ನೀಡಿತು. ಸ್ವೀಡನ್ನಿನ ಕರೋಲಿನ್ಸ್ಕಾ ಮಾಪಕ 1990ರದು. ಅದರಲ್ಲಿ 1ರಿಂದ 9 ಹಂತಗಳಿವೆ. 1 ಎಂದರೆ ಪೂರ್ಣ ಎಚ್ಚರ. 5 ಎಂದರೆ ಅತ್ತ ಎಚ್ಚರವೂ ಅಲ್ಲ, ಇತ್ತ ನಿದ್ರೆಯೂ ಅಲ್ಲ. 7ಕ್ಕೆ ತೂಕಡಿಕೆ ಆರಂಭವಾಗಿರುತ್ತದೆ. 9ಕ್ಕೆ ಕಣ್ಣು ತೆರೆದಿಡುವುದೇ ಹೋರಾಟವಾಗಿರುತ್ತದೆ. ಇವೆರಡೂ ಆ ಕ್ಷಣದ ಸ್ಥಿತಿಯನ್ನು ಕೇಳುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇವು ಆ ಹೊತ್ತಿನ ನಗದು ಶಿಲ್ಕು.

ವೈದ್ಯರು ಅತಿ ಹೆಚ್ಚಾಗಿ ಬಳಸುವ ಎಪ್‌ವರ್ತ್ ಮಾಪಕದ ಸ್ವರೂಪ ಬೇರೆ. ಮೆಲ್ಬರ್ನ್ ನಗರದ ಎಪ್‌ವರ್ತ್ ಆಸ್ಪತ್ರೆಯ ವೈದ್ಯ ಮರ್ರೆ ಜಾನ್ಸ್ ಅವರು ಅದನ್ನು 1990ರಲ್ಲಿ ರೂಪಿಸಿ 1991ರಲ್ಲಿ ಪ್ರಕಟಿಸಿದರು. 'ಈಗ ನಿದ್ರೆ ಬರುತ್ತಿದೆಯೇ' ಎಂದು ಅದು ಕೇಳುವುದಿಲ್ಲ. 'ಈಚಿನ ದಿನಗಳಲ್ಲಿ ಇಂಥ ಸಂದರ್ಭದಲ್ಲಿ ನೀವು ತೂಕಡಿಸುವ ಸಂಭವವೆಷ್ಟು' ಎಂದು ಕೇಳುತ್ತದೆ. ಓದುತ್ತ ಕುಳಿತಾಗ, ಟಿ.ವಿ. ನೋಡುವಾಗ, ಸಭೆಯಂತಹ ಸಾರ್ವಜನಿಕ ಸ್ಥಳದಲ್ಲಿ ಸುಮ್ಮನೆ ಕುಳಿತಾಗ, ಒಂದು ಗಂಟೆ ಬಿಡುವಿಲ್ಲದೆ ಪ್ರಯಾಣಿಕರಾಗಿ ಕಾರಿನಲ್ಲಿ ಹೋಗುವಾಗ, ಮಧ್ಯಾಹ್ನ ಮಲಗಿದಾಗ, ಯಾರೊಡನೆಯೋ ಮಾತನಾಡುವಾಗ, ಮದ್ಯವಿಲ್ಲದ ಊಟದ ನಂತರ ಸುಮ್ಮನೆ ಕುಳಿತಾಗ, ಸಂಚಾರದ ನಡುವೆ ವಾಹನ ಕೆಲವು ನಿಮಿಷ ನಿಂತಾಗ: ಹೀಗೆ ಎಂಟು ಸಂದರ್ಭಗಳು. ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 24. ಮೊತ್ತ 10ರವರೆಗೆ ಇದ್ದರೆ ಸಾಮಾನ್ಯವೆಂದೂ, 11-12 ಅಲ್ಪವಾಗಿ ಅಧಿಕವೆಂದೂ, 13ರಿಂದ 15 ಮಧ್ಯಮವೆಂದೂ, 16 ಮತ್ತು ಮೇಲ್ಪಟ್ಟರೆ ತೀವ್ರವೆಂದೂ ಪರಿಗಣಿಸಲಾಗುತ್ತದೆ. ಇಂಥ ಸಂದರ್ಭ ಈಚೆಗೆ ಒದಗಿರದಿದ್ದರೂ, ಒದಗಿದ್ದರೆ ಹೇಗಿರುತ್ತಿತ್ತೆಂದು ಊಹಿಸಿ ಉತ್ತರಿಸಬೇಕು. ಇದನ್ನು ಒಂದು ಅವಧಿಯ ಲೆಕ್ಕಪಟ್ಟಿಗೆ ಹೋಲಿಸಬಹುದು.

ಸ್ವಯಂ ಹೇಳಿಕೆ ಏಕೆ ಸಾಲದು

ಇಲ್ಲಿ ನನ್ನದೇ ಅನುಭವವನ್ನು ದಾಖಲಿಸುವುದು ಪ್ರಾಮಾಣಿಕತೆ. ಆ ಅಪಘಾತದ ವಿಚಾರ ತಿಳಿದ ಮೇಲೆ ಕುತೂಹಲದಿಂದ ನಾನೇ ಎಪ್‌ವರ್ತ್ ಮಾಪಕವನ್ನು ತುಂಬಿದೆ. ನನಗೆ ಬಂದದ್ದು 6, ನಿಶ್ಚಿಂತನಾದೆ. ಮೇಜಿನ ಮೇಲಿದ್ದ ಹಾಳೆಯನ್ನು ನೋಡಿದ ನನ್ನ ಪತ್ನಿ ಪೆನ್ನು ತೆಗೆದುಕೊಂಡು ಪಕ್ಕದಲ್ಲಿಯೇ ಮತ್ತೊಂದು ಕಲಂ ತುಂಬಿದಳು. ಅವಳ ಮೊತ್ತ 15. "ಟಿ.ವಿ. ಮುಂದೆ ಕೂತ ಐದು ನಿಮಿಷಕ್ಕೆ ಗೊರಕೆ ಶುರುವಾಗುತ್ತೆ, ಅಲ್ಲಿ ಸೊನ್ನೆ ಬರೆದಿದ್ದೀರಲ್ಲ! ನಿಮ್ಮ ಕಕ್ಷಿದಾರರು ಹೀಗೆ ಲೆಕ್ಕ ಕೊಟ್ಟರೆ ಸಹಿ ಹಾಕ್ತೀರಾ ರೀ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷ ಇತರರ ದಾಸ್ತಾನು ಹೇಳಿಕೆಗಳನ್ನು ಸಂಶಯದಿಂದ ನೋಡಿದವನು ನನ್ನ ಹೇಳಿಕೆಯನ್ನು ಮಾತ್ರ ಪರಿಶೀಲಿಸದೆ ಒಪ್ಪಿಕೊಂಡಿದ್ದೆ.

ನಾನು ಸುಳ್ಳು ಬರೆದಿರಲಿಲ್ಲ. ನನಗೆ ಗೊತ್ತೇ ಇರಲಿಲ್ಲ. ಇದಕ್ಕೆ ವಿಜ್ಞಾನದ ಆಧಾರವಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ವಯಸ್ಕರಿಗೆ ಹದಿನಾಲ್ಕು ದಿನ, ರಾತ್ರಿಗೆ ನಾಲ್ಕು, ಆರು ಅಥವಾ ಎಂಟು ಗಂಟೆಯ ನಿದ್ರೆಗೆ ಮಾತ್ರ ಅವಕಾಶ ನೀಡಲಾಯಿತು. ನಾಲ್ಕು ಮತ್ತು ಆರು ಗಂಟೆಯ ಗುಂಪುಗಳ ಕಾರ್ಯಕ್ಷಮತೆ ದಿನದಿಂದ ದಿನಕ್ಕೆ ಕುಸಿಯಿತು. ಕಡೆಗೆ ಅದು ಒಂದೆರಡು ರಾತ್ರಿ ಸಂಪೂರ್ಣ ನಿದ್ರೆಗೆಟ್ಟವರ ಮಟ್ಟಕ್ಕೆ ಇಳಿಯಿತು. ಆದರೆ ತಮಗೆಷ್ಟು ನಿದ್ರೆ ಬರುತ್ತಿದೆಯೆಂಬ ಅವರ ಸ್ವಂತ ಅಂದಾಜು ಮೊದಲ ಕೆಲವು ದಿನ ಏರಿ, ಬಳಿಕ ಹೆಚ್ಚು ಏರಲಿಲ್ಲ. ಸಾಲ ದಿನವೂ ಬೆಳೆಯುತ್ತಿತ್ತು. ಸಾಲಗಾರನಿಗೆ ಮಾತ್ರ ಅದು ಹಳೆಯ ಮೊತ್ತದಂತೆಯೇ ತೋರುತ್ತಿತ್ತು. "ನನಗೆ ಐದು ತಾಸು ನಿದ್ದೆ ಅಭ್ಯಾಸವಾಗಿದೆ" ಎಂದು ಹೆಮ್ಮೆಪಡುವ ನಮ್ಮಲ್ಲಿ ಅನೇಕರು ಇದನ್ನು ಗಮನಿಸಬೇಕು. ವಯಸ್ಕರಿಗೆ ರಾತ್ರಿ ಕನಿಷ್ಠ ಏಳು ಗಂಟೆ ನಿದ್ರೆ ಬೇಕೆಂಬುದು ಅಮೆರಿಕದ ನಿದ್ರಾ ವೈದ್ಯರ ಸಂಘಗಳು 2015ರಲ್ಲಿ ನೀಡಿದ ಸಲಹೆ.

ಮತ್ತೊಂದು ಹೋಲಿಕೆ ನಮ್ಮ ಕಣ್ಣು ತೆರೆಸುವಂತಹದು. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವನ ಕಾರ್ಯಕ್ಷಮತೆ 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವನ ಮಟ್ಟಕ್ಕೂ, 24 ಗಂಟೆ ಎಚ್ಚರವಿದ್ದವನದು ಸುಮಾರು 100 ಮಿಲಿಗ್ರಾಂ ಇರುವವನ ಮಟ್ಟಕ್ಕೂ ಇಳಿಯುತ್ತದೆ. ನಮ್ಮ ಮೋಟಾರು ವಾಹನಗಳ ಕಾಯಿದೆಯ 185ನೆಯ ಕಲಮಿನಂತೆ ಚಾಲಕನಿಗೆ ಇರುವ ಮಿತಿ 30 ಮಿಲಿಗ್ರಾಂ. ಕುಡಿದ ಚಾಲಕನ ಕೈಗೆ ಲಾರಿಯ ಬೀಗದ ಕೈ ಕೊಡಲು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಹದಿನೇಳು ಗಂಟೆ ದುಡಿದವನ ಕೈಗೆ ಅದನ್ನು ಕೊಟ್ಟು, "ಬೆಳಿಗ್ಗೆಯೊಳಗೆ ಬಂದುಬಿಡು" ಎನ್ನುತ್ತೇವೆ. ಒಬ್ಬನನ್ನು ಪೊಲೀಸರ ಯಂತ್ರ ಊದಿಸಿ ಹಿಡಿಯುತ್ತದೆ. ಮತ್ತೊಬ್ಬನನ್ನು ಹಿಡಿಯುವ ಯಂತ್ರ ರಸ್ತೆಯಲ್ಲಿಲ್ಲ.

ಪ್ರತ್ಯಕ್ಷ ಪರಿಶೀಲನೆಯ ಅಳತೆಗಳು

ದಾಸ್ತಾನು ಹೇಳಿಕೆ ಸಾಲದೆಂದು ತೋರಿದಾಗ ನಾವು ಉಗ್ರಾಣದ ಬಾಗಿಲು ತೆರೆಸಿ ಎಣಿಸುತ್ತೇವೆ. ನಿದ್ರಾ ವೈದ್ಯಶಾಸ್ತ್ರದಲ್ಲಿಯೂ ಅಂಥ ಪರೀಕ್ಷೆಗಳಿವೆ.

1. ಪ್ರತಿಕ್ರಿಯಾ ಪರೀಕ್ಷೆ. 1985ರಲ್ಲಿ ಪ್ರಕಟವಾದ ಈ ವಿಧಾನದಲ್ಲಿ ವ್ಯಕ್ತಿಯು ಹತ್ತು ನಿಮಿಷ ಒಂದು ಚಿಕ್ಕ ತೆರೆಯನ್ನು ನೋಡುತ್ತಿರಬೇಕು. ಎರಡರಿಂದ ಹತ್ತು ಸೆಕೆಂಡುಗಳ ಅನಿಶ್ಚಿತ ಅಂತರದಲ್ಲಿ ಸಂಕೇತ ಮೂಡಿದೊಡನೆ ಗುಂಡಿ ಒತ್ತಬೇಕು. ಅರ್ಧ ಸೆಕೆಂಡಿಗೂ ಮೀರಿ ತಡವಾದರೆ ಅದು ಒಂದು 'ಲೋಪ'. ನಿದ್ರೆಗೆಟ್ಟವನಲ್ಲಿ ಲೋಪಗಳು ಹೆಚ್ಚುತ್ತವೆ.

2. ಬಹು ನಿದ್ರಾವಕಾಶ ಪರೀಕ್ಷೆ. ಹಿಂದಿನ ರಾತ್ರಿ ಪ್ರಯೋಗಾಲಯದಲ್ಲಿಯೇ ಮಲಗಿಸಿ ನಿದ್ರೆಯನ್ನು ದಾಖಲಿಸಲಾಗುತ್ತದೆ. ಮರುದಿನ ಎರಡೆರಡು ಗಂಟೆಗೊಮ್ಮೆ, ನಾಲ್ಕೈದು ಬಾರಿ, ಕತ್ತಲೆ ಕೋಣೆಯಲ್ಲಿ ಮಲಗಿ ನಿದ್ರಿಸಲು ಹೇಳುತ್ತಾರೆ. ಪ್ರತಿ ಬಾರಿ ನಿದ್ರೆ ಹತ್ತಲು ಇಪ್ಪತ್ತು ನಿಮಿಷದ ಅವಕಾಶ. ತಲೆಗೆ ಅಂಟಿಸಿದ ತಂತಿಗಳು ಮಿದುಳಿನ ಅಲೆಗಳನ್ನು ದಾಖಲಿಸುವುದರಿಂದ ನಿದ್ರೆ ಹತ್ತಿದ ನಿಮಿಷ ನಿಖರವಾಗಿ ತಿಳಿಯುತ್ತದೆ. ಸರಾಸರಿ ಎಂಟು ನಿಮಿಷ ಅಥವಾ ಅದಕ್ಕೂ ಕಡಿಮೆಯಿದ್ದರೆ ನಿದ್ರಾಲುತನ ಅಧಿಕವೆಂದು ತೀರ್ಮಾನ.

3. ಎಚ್ಚರಪಾಲನಾ ಪರೀಕ್ಷೆ. ಇದು ಹಿಂದಿನದರ ವಿಲೋಮ. ಮಂದ ಬೆಳಕಿನ ಕೋಣೆಯಲ್ಲಿ ನಲವತ್ತು ನಿಮಿಷದಂತೆ ನಾಲ್ಕು ಬಾರಿ ಕುಳ್ಳಿರಿಸಿ, ನಿದ್ರಿಸದೆ ಇರಲು ಹೇಳಲಾಗುತ್ತದೆ. ಎಚ್ಚರವಾಗಿರುವುದೇ ಕರ್ತವ್ಯವಾಗಿರುವ ವೃತ್ತಿಗಳವರಿಗೆ ಈ ಪರೀಕ್ಷೆ ಹೆಚ್ಚು ಅನ್ವಯ.

ಈ ಪರೀಕ್ಷೆಗಳಲ್ಲಿ ಯಾವ ಒಂದೂ ಅಂತಿಮವಲ್ಲ. ಎಪ್‌ವರ್ತ್ ಅಂಕಕ್ಕೂ ಪ್ರಯೋಗಾಲಯದ ನಿಮಿಷಗಳಿಗೂ ಎಲ್ಲ ವೇಳೆಯೂ ತಾಳೆಯಾಗುವುದಿಲ್ಲ. ಆದುದರಿಂದ ವೈದ್ಯರು ಹಲವು ದಾಖಲೆಗಳನ್ನು ಒಟ್ಟಿಗೆ ಇಟ್ಟು ಅಭಿಪ್ರಾಯ ನೀಡುತ್ತಾರೆ. ಒಂದೆರಡು ವಾರದ ನಿದ್ರೆಯ ದಿನಚರಿ, ಅಂದರೆ ಮಲಗಿದ ಮತ್ತು ಎದ್ದ ವೇಳೆಯನ್ನು ಅಂದಂದೇ ಬರೆದಿಟ್ಟ ಪುಸ್ತಕ, ಈ ದಾಖಲೆಗಳಲ್ಲಿ ಮುಖ್ಯವಾದುದು. ರೋಜುಪುಸ್ತಕ ಬರೆಯುವ ಅಭ್ಯಾಸವಿರುವ ನಮಗೆ ಇದು ಕಷ್ಟವಲ್ಲ.

ಕಾರಣದ ಶೋಧನೆ

ಅಂಕ ಹೆಚ್ಚಾಗಿ ಬಂದರೆ ಕಾರಣ ಹುಡುಕಬೇಕು. ಸಾಮಾನ್ಯ ಕಾರಣ ಸಾಕಷ್ಟು ಮಲಗದಿರುವುದು. ನಂತರ ರಾತ್ರಿ ಪಾಳಿಯ ಕೆಲಸ, ಮದ್ಯಪಾನ, ನೆಗಡಿ ಮತ್ತು ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳು, ಥೈರಾಯ್ಡ್ ಕೊರತೆ, ಖಿನ್ನತೆ ಇತ್ಯಾದಿ. ಮಧ್ಯವಯಸ್ಸಿನವರಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಸ್ಲೀಪ್ ಅಪ್ನಿಯ, ಅಂದರೆ ನಿದ್ರೆಯಲ್ಲಿ ಗಂಟಲಿನ ದಾರಿ ಕುಸಿದು ಉಸಿರು ಪದೇಪದೇ ಕಟ್ಟುವ ತೊಂದರೆ. ಪ್ರತಿ ಬಾರಿ ಉಸಿರು ಕಟ್ಟಿದಾಗ ಮಿದುಳು ಅರೆಕ್ಷಣ ಎಚ್ಚರಗೊಳ್ಳುತ್ತದೆ. ಮಲಗಿದವನಿಗೆ ಇದರ ಅರಿವಿರುವುದಿಲ್ಲ. ಎಂಟು ಗಂಟೆ ಮಲಗಿದ್ದೇನೆಂದು ಅವನು ನಂಬಿರುತ್ತಾನೆ. ಶರೀರಕ್ಕೆ ಜಮೆಯಾದ ನಿದ್ರೆ ಅದಕ್ಕಿಂತ ಬಹಳ ಕಡಿಮೆ.

ಈ ತೊಂದರೆಯ ಸಂಭವವನ್ನು ಅಂದಾಜಿಸಲು ಕೆನಡಾದ ಟೊರೊಂಟೊದಲ್ಲಿ ರೂಪುಗೊಂಡು 2008ರಲ್ಲಿ ಪ್ರಕಟವಾದ ಸ್ಟಾಪ್-ಬ್ಯಾಂಗ್ ಪ್ರಶ್ನಾವಳಿ ಉಪಯುಕ್ತ. ಎಂಟು ಬಾಬ್ತುಗಳು: ಜೋರಾದ ಗೊರಕೆ, ಹಗಲು ದಣಿವು ಅಥವಾ ನಿದ್ರೆ, ಉಸಿರು ನಿಂತುದನ್ನು ಇತರರು ಕಂಡಿರುವುದು, ರಕ್ತದೊತ್ತಡ, ದೇಹತೂಕ ಸೂಚ್ಯಂಕ 35ಕ್ಕಿಂತ ಹೆಚ್ಚು, ವಯಸ್ಸು 50 ಮೀರಿರುವುದು, ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರಿಗಿಂತ ಹೆಚ್ಚು, ಪುರುಷನಾಗಿರುವುದು. ಒಂದೊಂದಕ್ಕೂ ಒಂದು ಅಂಕ. 0-2 ಕಡಿಮೆ ಸಂಭವ, 3-4 ಮಧ್ಯಮ, 5 ಮತ್ತು ಮೇಲ್ಪಟ್ಟರೆ ಹೆಚ್ಚು. ಇದಕ್ಕೆ ದರ್ಜಿಯ ಅಳತೆ ಪಟ್ಟಿ, ತೂಕದ ಯಂತ್ರ ಮತ್ತು ರಾತ್ರಿ ಜೊತೆಗಿರುವವರ ಸಾಕ್ಷ್ಯ ಸಾಕು.

ರೋಗ ನಿರ್ಧಾರಕ್ಕೆ ರಾತ್ರಿಯ ನಿದ್ರಾ ಪರೀಕ್ಷೆ ಬೇಕು. ಉಸಿರು, ರಕ್ತದ ಆಮ್ಲಜನಕ, ಹೃದಯದ ಬಡಿತ, ಮಿದುಳಿನ ಅಲೆಗಳನ್ನು ರಾತ್ರಿಯಿಡೀ ದಾಖಲಿಸಿ, ಗಂಟೆಗೆ ಎಷ್ಟು ಬಾರಿ ಉಸಿರು ಕಟ್ಟಿತು ಅಥವಾ ಕುಗ್ಗಿತು ಎಂದು ಎಣಿಸುತ್ತಾರೆ. 5ರಿಂದ 15 ಅಲ್ಪ, 15ರಿಂದ 30 ಮಧ್ಯಮ, 30 ಮೀರಿದರೆ ತೀವ್ರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರೆಯ ಅಧ್ಯಯನಕ್ಕೆ ಪ್ರಯೋಗಾಲಯವಿದೆ. ಶ್ವಾಸಕೋಶ ಮತ್ತು ಕಿವಿ-ಮೂಗು-ಗಂಟಲು ತಜ್ಞರ ಮೂಲಕ ಇತರ ದೊಡ್ಡ ಆಸ್ಪತ್ರೆಗಳಲ್ಲಿಯೂ ಪರೀಕ್ಷೆ ದೊರೆಯುತ್ತದೆ. ನನ್ನ ಪರೀಕ್ಷೆಯಲ್ಲಿ ಗಂಟೆಗೆ 22 ಬಂದಿತು. ಮೂಗಿನ ಮೂಲಕ ಒತ್ತಡದ ಗಾಳಿಯನ್ನು ನೀಡಿ ಗಂಟಲನ್ನು ತೆರೆದಿಡುವ ಸಿಪಾಪ್ ಯಂತ್ರವನ್ನು ವೈದ್ಯರು ಸೂಚಿಸಿದರು. ಮೊದಲ ಹದಿನೈದು ದಿನ ಅದು ಶಿಕ್ಷೆಯಂತಿತ್ತು. ಮೂರು ತಿಂಗಳ ನಂತರ ಎಪ್‌ವರ್ತ್ ಹಾಳೆಯನ್ನು ಮತ್ತೆ ತುಂಬಿದೆವು. ಈ ಬಾರಿ ಅದನ್ನು ಮೊದಲು ಪತ್ನಿಯ ಕೈಗೇ ಕೊಟ್ಟೆ. ಬಂದದ್ದು 7.

ವರ್ತಕರ ಹೊಣೆ

ಸದಸ್ಯರು ತಮ್ಮ ಅಂಗಡಿ, ನಾರಿನ ಕಾರ್ಖಾನೆ, ಲಾರಿಗಳ ಮಟ್ಟಿಗೆ ಕೈಗೊಳ್ಳಬಹುದಾದ ಕ್ರಮಗಳನ್ನು ಈಗ ನೋಡೋಣ.

ಕಾನೂನಿನ ಚೌಕಟ್ಟು ಮೊದಲಿನಿಂದಲೂ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಯ ಕೆಲಸವನ್ನೂ, ಒಂದು ದಿನದ ಕೆಲಸಕ್ಕೂ ಮರುದಿನದ್ದಕ್ಕೂ ನಡುವೆ ಸತತ ಒಂಬತ್ತು ಗಂಟೆಯ ವಿಶ್ರಾಂತಿಯನ್ನೂ ವಿಧಿಸಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಆ ಕಾಯಿದೆ ವಿಲೀನವಾಗಿದೆ. ದಿನಕ್ಕೆ ಎಂಟು ಗಂಟೆಯ ಮಿತಿ ಉಳಿದಿದೆ. ಚಾಲಕರ ದಣಿವನ್ನು ತಗ್ಗಿಸಲೆಂದು, 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಲ್ಲಿ ಚಾಲಕನ ಕೋಣೆಗೆ ಹವಾನಿಯಂತ್ರಣವನ್ನು ಕೇಂದ್ರ ಸರ್ಕಾರ ಕಡ್ಡಾಯಗೊಳಿಸಿದೆ. ಆದರೆ ತಂಪು ಗಾಳಿ ನಿದ್ರೆಗೆ ಬದಲಿಯಲ್ಲ.

ವ್ಯವಹಾರದಲ್ಲಿ ಈ ಕೆಳಗಿನವುಗಳನ್ನು ಪಾಲಿಸಬಹುದು:

ಅ) ಹಗಲು ಲೋಡು ಮಾಡಿಸಿದವನನ್ನೇ ರಾತ್ರಿ ಚಾಲನೆಗೆ ಕಳುಹಿಸಬಾರದು.

ಆ) ಲಾರಿ ಹೊರಡುವ ಪುಸ್ತಕದಲ್ಲಿ ಮೂರು ಹೊಸ ಕಲಂ ಸೇರಿಸಬಹುದು: ಎದ್ದ ವೇಳೆ, ಕಳೆದ ರಾತ್ರಿ ಮಲಗಿದ ಗಂಟೆಗಳು, ಕರೋಲಿನ್ಸ್ಕಾ ಅಂಕ. ಅಂಕ 7 ಅಥವಾ ಮೇಲ್ಪಟ್ಟಿದ್ದರೆ, ಇಲ್ಲವೇ ತಲುಪುವ ವೇಳೆಗೆ ಎಚ್ಚರದ ಅವಧಿ 17 ಗಂಟೆ ಮೀರುವಂತಿದ್ದರೆ, ಪ್ರಯಾಣವನ್ನು ಮುಂದೂಡಬೇಕು.

ಇ) ರಾತ್ರಿ ಎರಡರಿಂದ ಬೆಳಗಿನ ಆರರವರೆಗಿನ ಹೊತ್ತು ಶರೀರದ ಗಡಿಯಾರಕ್ಕೆ ಅತಿ ದುರ್ಬಲ, ಮಧ್ಯಾಹ್ನ ಎರಡರಿಂದ ನಾಲ್ಕು ಅದಕ್ಕೆ ಮುಂದಿನದು. ಚಾಲನೆಯನ್ನೂ ಯಂತ್ರದ ಬಾಯಿಗೆ ಮಟ್ಟೆ ಕೊಡುವಂತಹ ಕೆಲಸವನ್ನೂ ಈ ವೇಳೆಗಳಲ್ಲಿ ಆದಷ್ಟು ಕಡಿಮೆ ಮಾಡಬೇಕು.

ಈ) ದಾರಿಯಲ್ಲಿ ತೂಕಡಿಕೆ ಬಂದರೆ ಕಿಟಕಿ ತೆರೆಯುವುದು, ಹಾಡು ಹಾಕುವುದು ಅಲ್ಪಕಾಲದ ಉಪಾಯಗಳು. ಒಂದು ಲೋಟ ಕಾಫಿ ಕುಡಿದು, ಸುರಕ್ಷಿತ ಸ್ಥಳದಲ್ಲಿ ಹದಿನೈದು-ಇಪ್ಪತ್ತು ನಿಮಿಷ ಮಲಗುವುದು ಅವಕ್ಕಿಂತ ಮೇಲು, ಅದೂ ತಾತ್ಕಾಲಿಕವೇ.

ಉ) ನಲವತ್ತು ದಾಟಿದ ಚಾಲಕರಿಗೆ, ಯಂತ್ರ ನಡೆಸುವವರಿಗೆ ವರ್ಷಕ್ಕೊಮ್ಮೆ ಎಪ್‌ವರ್ತ್ ಮತ್ತು ಸ್ಟಾಪ್-ಬ್ಯಾಂಗ್ ತುಂಬಿಸಬೇಕು. ಮನೆಯವರ ಉತ್ತರವನ್ನೂ ಪಡೆಯಬೇಕು.

ಒಂದು ಎಚ್ಚರಿಕೆ ಅತ್ಯವಶ್ಯ. ಹೆಚ್ಚು ಅಂಕ ಬಂದವನ ಕೂಲಿ ಕಡಿತವಾಗುತ್ತದೆ, ಕೆಲಸ ಹೋಗುತ್ತದೆ ಎಂದಾದರೆ, ಮರುದಿನದಿಂದ ಎಲ್ಲರ ಅಂಕವೂ 3 ಆಗುತ್ತದೆ. ಹೇಳಿಕೆ ಕೊಡುವವನಿಗೆ ಅದರ ಫಲದಲ್ಲಿ ಆಸಕ್ತಿಯಿದ್ದಾಗ ಹೇಳಿಕೆಯ ಬೆಲೆ ಕುಗ್ಗುತ್ತದೆಂಬುದು ಲೆಕ್ಕಪರಿಶೋಧನೆಯ ಮೊದಲ ಪಾಠ. ಪ್ರಯಾಣ ಮುಂದೂಡಿದ ದಿನದ ಭತ್ಯೆ ಚಾಲಕನಿಗೆ ಸಿಗಬೇಕು. ಪರೀಕ್ಷೆಗೆ ಹೋದ ದಿನ ರಜೆಯೆಂದು ಬರೆಯಬಾರದು. ಈ ಖರ್ಚನ್ನು ವಿಮಾ ಕಂತಿನಂತೆಯೇ ಭಾವಿಸಬೇಕು.

ಮೇಲೆ ಹೇಳಿದ ಕಕ್ಷಿದಾರರು ಈಗ ಲೋಡಿಗೆ ಒಬ್ಬರನ್ನು, ಚಾಲನೆಗೆ ಒಬ್ಬರನ್ನು ಇಟ್ಟಿದ್ದಾರೆ. ಐದು ತಿಂಗಳ ನಂತರ ಆ ಚಾಲಕನೂ ಕೆಲಸಕ್ಕೆ ಮರಳಿದ್ದಾನೆ. ಹೆಚ್ಚುವರಿ ಸಂಬಳ ದುಬಾರಿಯೆಂದು ಮೊದಲು ಅವರು ಗೊಣಗಿದ್ದುಂಟು. ಆ ವರ್ಷದ ದುರಸ್ತಿ, ಆಸ್ಪತ್ರೆಯ ವೆಚ್ಚ, ನಿಂತ ಲಾರಿಯ ಬಾಡಿಗೆ ನಷ್ಟಗಳನ್ನು ಒಂದೇ ಹಾಳೆಯಲ್ಲಿ ಬರೆದು ತೋರಿಸಿದ ಮೇಲೆ ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ನಮ್ಮ ಅಂಗಡಿಯ ತಕ್ಕಡಿಗೆ, ತೂಕದ ಕಲ್ಲಿಗೆ ಕಾಲಕಾಲಕ್ಕೆ ಮಾಪನ ಇಲಾಖೆಯ ಮುದ್ರೆ ಹಾಕಿಸುತ್ತೇವೆ. ತಕ್ಕಡಿ ತಾನಾಗಿಯೇ ತನ್ನ ತಪ್ಪನ್ನು ಹೇಳಿಕೊಳ್ಳಲಾರದೆಂಬುದೇ ಅದಕ್ಕೆ ಕಾರಣ. ತೂಕಡಿಸುವ ಮನುಷ್ಯನದೂ ಅದೇ ಸ್ಥಿತಿ. ಸದಸ್ಯರು ಈ ವಾರವೇ ಆ ಎಂಟು ಸಂದರ್ಭಗಳಿಗೆ ಅಂಕ ಹಾಕಿಕೊಂಡು, ಬಳಿಕ ಅದೇ ಹಾಳೆಯನ್ನು ಮನೆಯವರ ಕೈಗೆ ಕೊಡಬೇಕೆಂದು ವಿನಂತಿ. ಎರಡು ಮೊತ್ತಗಳ ನಡುವಿನ ವ್ಯತ್ಯಾಸವೇ ಮೊದಲು ಪರಿಶೀಲಿಸಬೇಕಾದ ಬಾಬ್ತು.